ಚೀನಿ ವೈದ್ಯನ ಸೂಜಿ

ಇಷ್ಟಲಿಂಗದ ದಾರ ಬಿಚ್ಚಲು ಕೊರಳಿಗೆ ಎಡಗೈ ಹಾಕಿದ್ದ ಇಂದುಬಾಯಿ ಬೆಚ್ಚಿ ನಿಂತಳು. ಬಾಗಿಲಲ್ಲಿ ಅತ್ತೆ ಬಾಳವ್ವ! ಹೊರಗೆ ಮಿರಜಿಗೆ ಹೋಗುವ ಟಾಂಗಾ ಕಾಯುತ್ತಿತ್ತು. ಆರು ತಿಂಗಳಿಂದ ಮೇಲೇಳದ ಇಂದುಬಾಯಿಯ ಬಲತೋಳಿಗೆ, ರಂಗೂನಿನಿಂದ ಅಲ್ಲಿಗೆ ಬಂದ ಚೀನಿ ವೈದ್ಯ ಆ ದಿನ ಮೊದಲ ಸಲ ಸೂಜಿ ಚುಚ್ಚುವವನಿದ್ದ. ಕೊರಳಲ್ಲಿ ದಾರ, ಸರ ಏನೂ ಇರಬಾರದೆಂದು ಹೇಳಿ ಕಳಿಸಿದ್ದ.

“ಲಿಂಗಾ ತಗೀತೀ ಏನ? ಜೀವ ಹೋದ್ರೂ ಮೈ ಬಿಟ್ಟು ಇಳಸೂದಲ್ಲ ಅದು!”

“ಕೂಸಿನ್ನ ಎತ್ತಾಕ ಬರವಲ್ದರಿ ಅತ್ತಿ. ನಾ ಏನ ಮಾಡ್ಲಿ?” ಇಂದುಬಾಯಿ ಜೋತುಬಿದ್ದ ತೋಳನ್ನು ತೋರಿಸಿದಳು.

ಬಾಳವ್ವ ಮೂಲೆಯಲ್ಲಿ ಆಡುತ್ತಿದ್ದ ಕೂಸಿನತ್ತ ನೋಡಿದಳು. ಆಮೇಲೆ ಹತ್ತಿರ ಬಂದು ತಾನೇ ಗಂಟು ಬಿಚ್ಚಿ, ಲಿಂಗವನ್ನು ಸೊಸೆಯ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಪೂಜಾದಾಗ ಇಲ್ಲೇ ಇರತೈತಿ ಅಲ್ಲೇನ? ಸೂಜಿ ತಗಿಯೂತನಕ ಮುಷ್ಟಿ ಬಿಡಬ್ಯಾಡ,” ಎಂದವಳೇ ಕೂಸನ್ನು ಸೊಂಟಕ್ಕೇರಿಸಿಕೊಂಡು ತಾನೇ ಮೊದಲು ಟಾಂಗಾ ಹತ್ತಿದಳು.