ಎಡಗಡೆಯ ಪಟ್ಟಿ

ಹಡಗು ಹೊರಟಾಗ ದಡ ಮರೆಯಾಗುವ ತನಕ ಅದನ್ನು ನೋಡುತ್ತ ನಿಲ್ಲದವರು ಆ ಊರನ್ನೇ ಮರೆತುಬಿಡುತ್ತಾರೆ. ಇದು ಮಂಗಳೂರಿನ ಪುಟ್ಟ ಮಕ್ಕಳಿಗೂ ಗೊತ್ತು. ಆದ್ದರಿಂದ ಸುರಕ್ಷತಾ ತಾಲೀಮು ಮುಗಿದದ್ದೇ ಪ್ರಯಾಣಿಕರೆಲ್ಲ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಮೇಲಿನ ಡೆಕ್ಕಿಗೆ ಓಡಿದರು. ಲೈಫ್ ಜಾಕೆಟ್ ಸರಿಯಾಗಿ ಕಟ್ಟಿಕೊಳ್ಳದವರನ್ನು ಮಾತ್ರ ಮೇಲೆ ಬಿಡುವಂತಿರಲಿಲ್ಲ.

ಈ ಸಲ ಹಾಗೆ ಕೆಳಗೆ ಉಳಿದವರು ರೆಸಾರ್ಟಿನ ಒಡೆಯ ವಿಠಲದಾಸರು ಒಬ್ಬರೇ. ಜಾಕೆಟ್ ಪರೀಕ್ಷಿಸುತ್ತಿದ್ದವಳು ಹಡಗಿನ ಕೆಲಸದಾಕೆ ವಾರಿಜ.

“ಕಟ್ಟಿದೆನಲ್ಲ, ಇನ್ನೆಂತ ಮಾರಾಯ್ತಿ? ಹಡಗು ಹೊರಟಾಯ್ತು!”

“ಎಡಗಡೆಯ ಪಟ್ಟಿ ಸಡಿಲ ಉಂಟು ಸಾರ್. ಪೂರ್ತಿ ಬಿಚ್ಚಿ ಇನ್ನೊಮ್ಮೆ ಕಟ್ಟಿ.”

ಪಟ್ಟಿ ಬಿಗಿಯಾಗಿಯೇ ಇತ್ತು. ಅವರ ಬೆನ್ನು ಕಿಟಕಿಯ ಕಡೆಗಿರುವಂತೆ ಅವಳೇ ನಿಲ್ಲಿಸಿದ್ದಳು.

ಮಂಗಳೂರಿನ ಕಡಲತೀರದ ಬೆಂಗ್ರೆಯಲ್ಲಿದ್ದ ಅವಳ ಮನೆಯನ್ನು ಕೆಡವಿ ಇವರು ರೆಸಾರ್ಟ್ ಕಟ್ಟಿಸಿದ್ದರು. ಅಮ್ಮ ಗೇಟಿನ ಹೊರಗೆ ನಿಂತು ಅಳುತ್ತಿದ್ದಾಗ ಕಾರಿನ ಗಾಜು ಇಳಿಸಿ, “ಇಲ್ಲಿ ಮನೆ ಇತ್ತಾ? ನನಗೆ ನೆನಪಿಲ್ಲ ಮಾರಾಯ್ತಿ” ಎಂದಿದ್ದರು. ಅಮ್ಮನ ಪಕ್ಕದಲ್ಲಿ ನಿಂತಿದ್ದ ಪುಟ್ಟ ವಾರಿಜಳನ್ನು ಅವರು ನೋಡಿರಲೇ ಇಲ್ಲ.

“ಅಲುಗಾಡಬೇಡಿ ಸಾರ್. ಇನ್ನೊಮ್ಮೆ.”

ಅವರು ಬೈದರು, ಬೆವರಿದರು, ಕೊನೆಗೆ ಅಂಗಲಾಚಿದರು. “ಮಗಳೇ, ನನ್ನ ಮನೆ, ಹೆಂಡತಿ, ಎಲ್ಲ ಅಲ್ಲೇ ಇರುವುದು. ಒಮ್ಮೆ ನೋಡಿ ಬರುತ್ತೇನೆ.”

ವಾರಿಜ ಅವರ ಹೆಗಲ ಮೇಲಿನಿಂದ ಕಿಟಕಿಯಾಚೆ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ತೆಂಗಿನ ಸಾಲು ಗೆರೆಯಾಯಿತು. ಗೆರೆ ನೀರಾಯಿತು.

ವಿಠಲದಾಸರ ಕೈ ಪಟ್ಟಿಯ ಮೇಲೆ ನಿಂತುಹೋಯಿತು.

“ಅಲ್ಲಮ್ಮ,” ಅವರು ಮೆಲ್ಲಗೆ ಕೇಳಿದರು, “ನಾವು ಹೊರಟ ಕಡೆ ಯಾವುದಾದರೂ ಊರು ಇತ್ತಾ?”

ವಾರಿಜ ಅವರ ಪಟ್ಟಿಯನ್ನು ತಾನೇ ಸರಿಪಡಿಸಿದಳು.

“ನನಗೆ ನೆನಪಿಲ್ಲ ಸಾರ್.”