ಹೊದಿಕೆ ಸರಿಸಿದ ದಿನ

ರೋಗಕ್ಕೆ ಔಷಧಿ ಕಂಡುಹಿಡಿಯುವವರೆಗೆ ದೀರ್ಘ ನಿದ್ರೆಯಲ್ಲಿ ಮಲಗಿಸಿದ್ದ ರೋಗಿಗಳನ್ನೆಲ್ಲ ಆ ವರ್ಷ ಎಬ್ಬಿಸುತ್ತಿದ್ದರು. ಆ ನಿದ್ರೆಯಲ್ಲಿ ವಯಸ್ಸಾಗುವುದಿಲ್ಲ. ಮೂವತ್ತು ವರ್ಷ ಮಲಗಿದ್ದ ಭಾರ್ಗವ ಹರೆಯದವನಾಗಿಯೇ ಎದ್ದು, ಆಯುಧಪೂಜೆಯ ಬೆಳಿಗ್ಗೆ ನೆಟ್ಟಗೆ ಗ್ಯಾರೇಜಿಗೆ ಬಂದ.

ಹೆಂಡತಿ ನಳಿನಿ ಕೆಂಪು ಸ್ಪೋರ್ಟ್ಸ್ ಕಾರಿನ ಹೊದಿಕೆ ಸರಿಸಿ, ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದಳು. ಅವನು ಹೇಳಿ ಮಲಗಿದಂತೆಯೇ ಇಲಿ ಹೊಗದ ಹಾಗೆ ಸೈಲೆನ್ಸರಿಗೆ ಬಟ್ಟೆ ತುರುಕಿದ್ದಳು. ಟೈರು ಒಂದೇ ಕಡೆ ಚಪ್ಪಟೆಯಾಗದಿರಲೆಂದು ವಾರವಾರವೂ ಕಾರನ್ನು ಗೇಣುದ್ದ ತಳ್ಳಿದ್ದಳು. ಅವನ ಸೀಟಿನಲ್ಲಿ ಮಾತ್ರ ಒಮ್ಮೆಯೂ ಕೂತವಳಲ್ಲ.

ಭಾರ್ಗವ ಬಾನೆಟ್ ಸವರಿದ. "ಒಂದು ಚೂರೂ ತುಕ್ಕು ಹಿಡಿದಿಲ್ಲ! ನೀವಾ ಅಮ್ಮಾ ನೋಡ್ಕೊಂಡಿದ್ದು?" ಎಂದು ಅವಳ ನರೆಗೂದಲಿಗೆ ಕೈಮುಗಿದ. "ನಮ್ಮ ನಳಿನಿ ಎಲ್ಲಿ?"

ನಳಿನಿ ಸೈಲೆನ್ಸರಿನ ಬಟ್ಟೆ ಕಿತ್ತೆಸೆದು, ಸ್ಟೀರಿಂಗ್ ಮುಂದೆ ಕೂತಳು.

"ಹತ್ತಿ, ಅವಳ ಹತ್ರ ಕರ್ಕೊಂಡು ಹೋಗ್ತೀನಿ. ಸ್ವಲ್ಪ ದೂರ ಇದೆ."