ಕಾಲುದಾರಿಯ ಬಾಗು

ಇಂಜಿನಿಯರು ಹುಲ್ಲುಹಾಸಿನ ಈ ತುದಿಗೊಂದು, ಆ ತುದಿಗೊಂದು ಗೂಟ ಹೊಡೆಸಿ ನಡುವೆ ದಾರ ಎಳೆಸಿದ್ದರು. ಹಾಸ್ಟೆಲಿನಿಂದ ಗ್ರಂಥಾಲಯಕ್ಕೆ ಹೋಗುವ ಕಲ್ಲುಹಾಸಿನ ಕಾಲುದಾರಿ ದಾರದ ಜೊತೆಜೊತೆಗೇ ಬಂದು, ನಟ್ಟನಡುವೆ ಮಾತ್ರ ಏನೋ ನೆನಪಾದವರ ಹಾಗೆ ಮೂರು ಹೆಜ್ಜೆ ಪಕ್ಕಕ್ಕೆ ಸರಿದು, ಬಳಸಿಕೊಂಡು, ಮತ್ತೆ ದಾರವನ್ನು ಸೇರುತ್ತಿತ್ತು. ಕುಸಿದ ಹಳೆಯ ಕಲ್ಲು ಕಿತ್ತು ಹೊಸದು ಹಾಸುವ ಕೆಲಸ ಅಂದೇ ಶುರುವಾಗಬೇಕಿತ್ತು. ಹೇಗೂ ಕೀಳುತ್ತೇವಲ್ಲ, ಈ ಸೊಟ್ಟವನ್ನೂ ನೆಟ್ಟಗೆ ಮಾಡಿಬಿಡೋಣ ಎಂದು ಅವರ ಯೋಚನೆ.

ಬೇಡ ಎಂದು ಎದುರಿಗೆ ನಿಂತಿದ್ದವಳು ಇತಿಹಾಸ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ವಿಶ್ವವಿದ್ಯಾಲಯದ ಕಟ್ಟಡಗಳ ಚರಿತ್ರೆ ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಎರಡು ವರ್ಷದಿಂದ ಕಡತಗಳ ಧೂಳು ಕುಡಿದಿದ್ದಳು. ಈಗ ಅವಳ ಕೈಯಲ್ಲಿದ್ದದ್ದು ಮೊದಲ ಕುಲಪತಿ ಬರೆದ ಒಂದು ಟಿಪ್ಪಣಿಯ ನಕಲು: 'ದಾರಿಗಳನ್ನು ಈಗಲೇ ಹಾಕಬೇಡಿ. ಮಕ್ಕಳು ಒಂದು ವರ್ಷ ತಮಗೆ ಬೇಕಾದಂತೆ ಓಡಾಡಲಿ. ಹುಲ್ಲು ಎಲ್ಲಿ ಸವೆಯುತ್ತದೋ ಅಲ್ಲಿ ಕಲ್ಲು ಹಾಸಿ.' ಇಲ್ಲಿನ ಒಂದೊಂದು ದಾರಿಯನ್ನೂ ಬರೆದದ್ದು ಮೊದಲ ವರ್ಷದ ಎಂಟುನೂರು ಮಕ್ಕಳ ಕಾಲುಗಳು. ಅವಳ ಪುಸ್ತಕ ನಿಂತದ್ದೇ ಈ ಮಾತಿನ ಮೇಲೆ.

ಇಂಜಿನಿಯರು ಟಿಪ್ಪಣಿಯನ್ನು ಪೂರ್ತಿ ಓದಿದರು. ಕೆಟ್ಟ ಮನುಷ್ಯರಲ್ಲ, ಉಳಿದ ದಾರಿಗಳನ್ನೆಲ್ಲ ಇದ್ದ ಹಾಗೇ ಬಿಡುತ್ತೇನೆ ಎಂದು ಒಪ್ಪಿಕೊಂಡರು. ಆದರೆ ಇಲ್ಲಿ ಮರವಿಲ್ಲ, ಬಾವಿಯಿಲ್ಲ, ಬಂಡೆಯಿಲ್ಲ. ಹಳೆಯ ನಕ್ಷೆಯಲ್ಲೂ ಏನೂ ಇಲ್ಲ.

"ನೋಡಮ್ಮ, ಕ್ಲಾಸಿಗೆ ಹೊತ್ತಾಯ್ತು ಅಂತ ಓಡೋ ಮಕ್ಕಳು ಸುಮ್ಸುಮ್ನೆ ಸುತ್ತಿ ಬಳಸಿ ಹೋಗ್ತಾರಾ? ಇದು ಮೇಸ್ತ್ರಿ ನಿದ್ದೆಗಣ್ಣಲ್ಲಿ ಹಾಕಿದ ದಾರಿ. ಒಂದೇ ಒಂದು ಕಾರಣ ತೋರ್ಸು, ದಾರ ಸುತ್ಕೊಂಡು ಹೋಗ್ತೀನಿ."

ಅವಳ ಬಳಿ ಕಾರಣವಿರಲಿಲ್ಲ. ಹತ್ತು ಹೆಜ್ಜೆ ಆಚೆ ಹೂವಿನ ಪಾತಿಗೆ ನೀರು ಬಿಡುತ್ತಿದ್ದ ಮಾಲಿಯ ಬಳಿ ಇತ್ತು. ಎಲ್ಲರ ಬಾಯಲ್ಲೂ 'ತಾತ' ಆಗಿದ್ದ ಅವನ ನಿವೃತ್ತಿಗೆ ಇನ್ನು ಎಂಟೇ ದಿನ. ತಾತನ ಕೈಗುಣ ಎಂಥದು, ನಲವತ್ತು ವರ್ಷದಲ್ಲಿ ನೆಟ್ಟ ಒಂದು ಗಿಡವೂ ಒಣಗಲಿಲ್ಲ ಎಂದು ಬೀಳ್ಕೊಡುಗೆಯ ಭಾಷಣ ಆಗಲೇ ತಯಾರಾಗಿತ್ತು. ಹುಡುಗಿಯ ಪುಸ್ತಕದಲ್ಲೂ ಅದಕ್ಕೊಂದು ಪುಟ. ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಪಾತಿ ತುಂಬಿ ನೀರು ಚಪ್ಪಲಿಗೆ ಬಂದರೂ ಅವನು ನಿಂತೇ ಇದ್ದ. ಆಮೇಲೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ಬಂದ.

"ತಪ್ಪು ಮೇಸ್ತ್ರಿದಲ್ಲ ಸಾರ್. ನಂದು."

ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲವಂತೆ. ಮೇಲ್ವಿಚಾರಕ ಕೈಗೊಂದು ಸಸಿ ಕೊಟ್ಟು, ಇದು ಉಳಿದರೆ ನಿನ್ನ ಕೆಲಸವೂ ಉಳಿಯಿತು ಎಂದಿದ್ದ. ಅವನ ಆಫೀಸಿನ ಕಿಟಕಿಗೆ ಕಾಣಲಿ ಎಂದು ತಾತ ಅದನ್ನು ಹುಲ್ಲಿನ ನಟ್ಟನಡುವೆ ನೆಟ್ಟ. ಒಂಬತ್ತನೆಯ ದಿನಕ್ಕೆ ಸಸಿ ಒಣಗಿ ಕಡ್ಡಿಯಾಯಿತು. ಮೂರನೆಯ ಮಹಡಿಯ ಕಿಟಕಿಗೆ ಎಲೆ ಕಾಣುವುದಿಲ್ಲ, ನೀರು ಹಾಕುವ ಮನುಷ್ಯ ಕಾಣುತ್ತಾನೆ. ಹಾಗಾಗಿ ದಿನಾ ಬೆಳಿಗ್ಗೆ ಕಡ್ಡಿಗೆ ಒಂದು ತಂಬಿಗೆ ನೀರು. ಬುಡ ಕೆದಕುವುದು, ಕಳೆ ಕೀಳುವುದು, ಒಮ್ಮೊಮ್ಮೆ ಎರಡು ಹೆಜ್ಜೆ ಹಿಂದೆ ಸರಿದು ನಿಂತು ತಲೆದೂಗುವುದು. ಮಕ್ಕಳು ಅದನ್ನು ಬಳಸಿಕೊಂಡೇ ಓಡಾಡಿದರು. ವರ್ಷ ತುಂಬಿತು, ಸವೆದ ಹುಲ್ಲಿನ ಮೇಲೆ ಕಲ್ಲು ಬಿತ್ತು. ಮೇಲ್ವಿಚಾರಕನಿಗೆ ವರ್ಗವಾದ ದಿನ ತಾತ ಕಡ್ಡಿ ಕಿತ್ತು ಒಲೆಗೆ ಹಾಕಿದ.

"ಎಷ್ಟೆತ್ತರ ಇತ್ತು ಅದು?" ಇಂಜಿನಿಯರು ಕೇಳಿದರು.

"ಮೊಣಕಾಲಿಗೆ ಬರ್ತಿತ್ತು."

"ದಾಟ್ಕೊಂಡೇ ಹೋಗ್ಬಹುದಿತ್ತಲ್ಲ."

"ಹೋಗ್ಬಹುದಿತ್ತು. ಯಾರೂ ಹೋಗ್ಲಿಲ್ಲ." ತಾತನ ಮುಖದಲ್ಲಿ ನಾಚಿಕೆಯ ಜೊತೆಗೆ ಒಂಚೂರು ಜಂಬವೂ ಇತ್ತು. "ನನ್ನ ನಾಟಕ ಅಷ್ಟು ಚೆನ್ನಾಗಿತ್ತು ಸಾರ್. ಎಂಟುನೂರು ಜನಾನೂ ನಂಬಿದ್ರು."

ಹುಡುಗಿಗೆ ನಗು ತಡೆಯಲಾಗಲಿಲ್ಲ. ಕೈಗುಣದ ಪುಟವನ್ನು ಏನು ಮಾಡಲಿ ಎಂದು ಕೇಳಿದಳು. ಒಂದೂ ಒಣಗಲಿಲ್ಲ ಅನ್ನುವ ಕಡೆ ಒಂದು ಮಾತ್ರ ಒಣಗಿತು ಅಂತ ತಿದ್ದು ತಾಯಿ, ಮಿಕ್ಕಿದ್ದು ನಿಜವೇ ಎಂದ ತಾತ. ಇಂಜಿನಿಯರು ಕೆಲಸದವರಿಗೆ ಸನ್ನೆ ಮಾಡಿ ಗೂಟ ಕೀಳಿಸಿದರು. ಕೊಟ್ಟ ಮಾತಿನಂತೆ ದಾರವನ್ನು ತಾವೇ ಕೈಗೆ ಸುತ್ತಿಕೊಳ್ಳತೊಡಗಿದವರು ಅರ್ಧದಲ್ಲಿ ನಿಲ್ಲಿಸಿದರು.

"ಅಲ್ಲ ತಾತ, ಸಸ್ಯಶಾಸ್ತ್ರ ಓದೋರೂ ಇದೇ ಹಾಸ್ಟೆಲಲ್ಲಿ ಇದ್ರಲ್ವಾ? ಅವ್ರಿಗೂ ಗೊತ್ತಾಗ್ಲಿಲ್ವಾ?"

ತಾತ ತಿರುಗಿ ದಾರಿಯ ಬಾಗನ್ನು ನೋಡಿದ; ಮುಖದ ಜಂಬ ಮೆಲ್ಲಗೆ ಇಳಿಯಿತು. ಗ್ರಂಥಾಲಯದಿಂದ ಬರುತ್ತಿದ್ದ ಒಂದು ಗುಂಪು ಮಾತಾಡಿಕೊಳ್ಳುತ್ತ ಅವರನ್ನು ದಾಟಿ ಹೋಯಿತು.

"ಇದ್ರು ಸಾರ್," ಎಂದ ನಿಧಾನವಾಗಿ. "ಹತ್ತೋ ಹನ್ನೆರಡೋ ಜನ. ಬೇಸಿಗೆ ರಜಕ್ಕೆ ಹೊರಟಾಗ ಪೆಟ್ಟಿಗೆ ಹೊತ್ಕೊಂಡೇ ನನ್ನ ಹತ್ರ ಬಂದ್ರು, ಅಷ್ಟೂ ಜನಾನೂ. 'ನಾವು ವಾಪಸ್ ಬರೋವರೆಗೂ ನೀರು ತಪ್ಪಿಸ್ಬೇಡ ಅಣ್ಣ' ಅಂತ ಹೇಳಿ ಹೋದ್ರು."